ಹಾಸು ಐತಿ, ಮುಟ್ಟಬ್ಯಾಡ್ರಿ

ಕಂಪ್ಯೂಟರ್ ಕಲಸೋ ಕೆಲಸ ಅಂದ್ರ ಫ್ಯಾನಿನ ಕೆಳಗ ಕುಂತು ಚಹಾ ಕುಡಿಯೋದು ಅಂತ ಯಾರಿಗರೆ ಅನಸಿದ್ರ, ಅವರು ಒಂದು ವಾರ ನನ್ನ ಕುರ್ಚಿ ಮ್ಯಾಲ ಬಂದು ಕುಂದರ್ಲಿ. ನಗಬೇಕೋ ಅಳಬೇಕೋ ತಿಳೀಲಾರದಂಥ ಪ್ರಸಂಗ ಒಂದೂ ಆಗಲಾರದ ದಿನ ನಮ್ಮಲ್ಲಿ ಇಲ್ಲ. ಇದ್ರ, ಅವತ್ತು ಕರೆಂಟ್ ಹೋಗಿರತೈತಿ.

ನಾನು ನವನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಾಗ ಹನ್ನೊಂದು ವರ್ಷದಿಂದ ಅಕ್ಕೋರು, ಅಂದ್ರ ಟೀಚರ್. ಅಷ್ಟೂ ವರ್ಷ ಸಣ್ಣ ಹುಡುಗರಿಗೆ ಮೌಸ್ ಹಿಡದು ಎರಡು ಗುಡ್ಡ, ನಡುವ ಒಂದು ಸೂರ್ಯ ಬರಿಯೋದು ಕಲಿಸಿ ಕಲಿಸಿ ನನಗ ಸೂರ್ಯನ ಮ್ಯಾಲ ಸಿಟ್ಟು ಬರಾಕತ್ತಿತ್ತು. ಹೋದ ವರ್ಷ ತಡೀಲಾರದ ಚೇರ್ಮನ್ನರ ಮುಂದ ಹೋಗಿ ನಿಂತೆ.

"ಸರ್, ನಲವತ್ತು ದಾಟಿದವರಿಗೆ ಪ್ರೋಗ್ರಾಮ್ ಬರಿಯೋದು ಕಲಸ್ತೇನಿ. ಒಂದು ಬ್ಯಾಚ್ ಕೊಡ್ರಿ."

ಚೇರ್ಮನ್ನರು ಕನ್ನಡಕ ತಗದು ನನ್ನ ನೋಡಿದ್ರು. "ಅಕ್ಕೋರ, ಆ ವಯಸ್ಸಿನವರಿಗೆ ಭಜನಿ ಕಲಸ್ರಿ, ಪುಣ್ಯಾನರೆ ಬರತೈತಿ. ಆತು, ಎರಡು ತಿಂಗಳ ಕೊಡತೇನಿ. ಕಡೀ ದಿನ ನಾಕು ಮಂದಿ ಅತಿಥಿಗಳನ್ನ ಕರಸ್ತೇನಿ. ಅವರ ಮುಂದ ಒಬ್ಬರದಾದ್ರೂ ಪ್ರೋಗ್ರಾಮ್ ಓಡಿತಂದ್ರ ಬ್ಯಾಚ್ ಉಳೀತೈತಿ. ಇಲ್ಲಂದ್ರ ನೀವು ಮತ್ತ ಗುಡ್ಡ, ಸೂರ್ಯ."

ಹನ್ನೆರಡು ಮಂದಿ ಸೇರಿದ್ರು. ನನ್ನ ಮೊದಲನೇ ಕೆಲಸ ಏನಂದ್ರ, ಹನ್ನೆರಡೂ ಮಶೀನಿನ್ಯಾಗ ಎಡಿಟರಿನ ಒಳಗ ಶೆಲ್ ಹಾಕಿ ಕೊಡೋದು. ಎಡಿಟರ್ ಅಂದ್ರ ಪ್ರೋಗ್ರಾಮ್ ಬರಿಯೋ ಬಿಳೀ ಜಾಗ. ಶೆಲ್ ಅಂದ್ರ "ಹೂಂ, ಇನ್ನ ಓಡಸು" ಅಂತ ಅಪ್ಪಣಿ ಕೊಡೋ ಕರೀ ಕಿಟಕಿ. ಎರಡೂ ಬ್ಯಾರೆ ಬ್ಯಾರೆ ಕಡೆ ಇದ್ರ ನಮ್ಮ ಹಿರೇ ಮಂದಿ ಒಂದರಾಗಿಂದ ಇನ್ನೊಂದಕ್ಕ ಹೋದವರು ತಿರುಗಿ ಬರೂದಿಲ್ಲ. ಅದಕ್ಕ ಬಿಳೀದರ ಕೆಳಗ ಕರೀದು, ಒಂದ ಪರದೆ ಮ್ಯಾಲ. ಅದನ್ನ ಅವರ ಕೈಲೇ ಹಾಕಸಬೇಕು ಅಂತ ನನಗ ಬುದ್ಧಿ ಬಂತಲ್ಲ, ಅಲ್ಲಿಂದ ಚಾಲೂ ಆತು ನೋಡ್ರಿ.

ಒಡಪಿನ ಪಾಸ್ವರ್ಡ್

ಇಳಕಲ್ಲಿನಿಂದ ಒಬ್ಬ ಅಕ್ಕಾರು ಬರ್ತಿದ್ರು. ಸೀರಿ ಅಂಗಡಿ ಅವರದು. ಗಿರಾಕಿ ಬಾಗಲದಾಗ ಚಪ್ಪಲಿ ಬಿಡೋದ್ರಾಗ ಯಾವ ಸೀರಿ ತಗೋತಾಳ ಅಂತ ಹೇಳೋ ಹೆಣಮಗಳು. ಕರೀ ಕಿಟಕಿ ಹಾಕಾಕ ಕುಂತ್ರು. ಅದು ಅವರ ಇಟ್ಟಿದ್ದ ಪಾಸ್ವರ್ಡ್ ಕೇಳಿತು. ಕರೀ ಕಿಟಕಿ ಒಳಗ ಪಾಸ್ವರ್ಡ್ ಹೊಡದ್ರ ಪರದೆ ಮ್ಯಾಲ ಏನೂ ಮೂಡೂದಿಲ್ಲ, ಚುಕ್ಕಿ ಸೈತ ಇಲ್ಲ.

"ಅಕ್ಕೋರ, ಕೀಬೋರ್ಡ್ ಸತ್ತೈತಿ."

"ಸತ್ತಿಲ್ರೀ ಅಕ್ಕಾರ, ಕಾಣಲಾರದಂಗ ತಗೋತೈತಿ. ಹೊಡೀರಿ."

ಹೊಡದ್ರು. ತಪ್ಪು ಅಂತು. ಮೂರು ಸಲ ಹೊಡದ್ರು, ಮೂರು ಸಲ ತಪ್ಪು. ನಾನು, "ನೀವು ಹೇಳ್ರಿ, ನಾ ಹೊಡೀತೇನಿ" ಅಂದೆ. ಅಕ್ಕಾರ ಮಾರಿ ಕೆಂಪಗಾತು, ಸೆರಗು ಬಾಯಿಗೆ ಹೋತು.

"ಹೆಂಗ ಹೇಳ್ಲಿ ಅಕ್ಕೋರ? ಅದು ನಮ್ಮ ಮನ್ಯಾಗಿನವರ ಹೆಸರು."

ನಮ್ಮ ಕಡೆ ಗಂಡನ ಹೆಸರನ್ನ ಹಂಗ ಬಾಯಿ ಬಿಟ್ಟು ಹೇಳೂದಿಲ್ಲಲ್ಲ, ಒಡಪು ಕಟ್ಟಿ ಹೇಳಬೇಕು. ಕಿವಿಯಾಗ ಹೇಳ್ರಿ ಅಂದೆ, ಒಲ್ಲೆ ಅಂದ್ರು. ಚೀಟಿ ಮ್ಯಾಲ ಬರೀರಿ ಅಂದೆ, ಅದಕ್ಕೂ ಒಲ್ಲೆ. ಅಷ್ಟ್ರಾಗ ಇಡೀ ಬ್ಯಾಚು ಕೆಲಸ ಬಿಟ್ಟು ಸುತ್ತಲೂ ನೆರೀತು. "ಒಡಪ ಹಾಕ್ರಿ, ಒಡಪ ಹಾಕ್ರಿ!" ಮದವಿ ಮನಿ ಆತು ನನ್ನ ಲ್ಯಾಬು. ಕಡೀಕ ಅಕ್ಕಾರು ಎದ್ದು ನಿಂತು, ತಲಿ ಮ್ಯಾಲ ಸೆರಗು ಹೊತ್ತು ಹೇಳಿದ್ರು:

"ಇಳಕಲ್ಲ ಸೀರಿಗೆ ಕೆಂಪು ಸೆರಗ ಚೆಂದ, ಸಂಗಪ್ಪನವರ ಹೆಸರ ಹೇಳತೇನಿ ಕಂಪ್ಯೂಟರಿನ ಮುಂದ!"

ಚಪ್ಪಾಳಿ ಅಂದ್ರ ಚಪ್ಪಾಳಿ. ಪಾಸ್ವರ್ಡ್ ಹನ್ನೊಂದು ಮಂದಿಗೂ ಬಾಯಿಪಾಠ ಆತು. "ಅಕ್ಕಾರ, ಈಗ ಇದನ್ನ ಬದಲು ಮಾಡಲೇಬೇಕು" ಅಂದೆ. ಮರುದಿನ ನಕ್ಕೋತ ಬಂದ್ರು.

"ಮಾಡಿದೆ ಅಕ್ಕೋರ, ನಮ್ಮ ಅತ್ತಿ ಹೆಸರು ಇಟ್ಟೆ. ಅದನ್ನ ಎಷ್ಟು ಸಲ ಬೇಕಾದ್ರೂ ಹೊಡೀತೇನಿ. ಜೋರಾಗಿ ಹೊಡೀತೇನಿ."

ಪೂರ್ಣ ವಾಕ್ಯ

ಹುನಗುಂದದ ನಿವೃತ್ತ ಇಂಗ್ಲಿಷ್ ಮಾಸ್ತರು ಕಿಟಕಿ ಬಾಜೂಕ ಕುಂದ್ರತಿದ್ರು. ಇಸ್ತ್ರಿ ಮಾಡಿದ ಬಿಳೀ ಅಂಗಿ, ಕಿಸೆದಾಗ ಕೆಂಪು ಪೆನ್ನು. ನಿವೃತ್ತಿ ಆದದ್ದು ಅವರು, ಪೆನ್ನು ಅಲ್ಲ.

ಅವರ ಮಶೀನು ಪಾಸ್ವರ್ಡ್ ದಾಟಿ, "ಮುಂದುವರಿಸಲೋ? ವಾಯ್ ಅಥವಾ ಎನ್" ಅಂತ ಇಂಗ್ಲಿಷಿನ್ಯಾಗ ಕೇಳಿತು. ನಾನು ಅತ್ತಾಗ ಬ್ಯಾರೆಯವರ ಹತ್ರ ಇದ್ದೆ. ಹತ್ತು ನಿಮಿಷ ಬಿಟ್ಟು ನೋಡ್ತೇನಿ, ಮಾಸ್ತರು ಬೆವತಾರ.

"ಅಕ್ಕೋರ, ಇದು ಪ್ರಶ್ನೆ ಕೇಳತೈತಿ, ಉತ್ತರ ಕೊಟ್ಟ ಕೂಡಲೇ ರದ್ದು ಅಂತೈತಿ. ಆರು ಸಲ ಆತು!"

ಏನು ಉತ್ತರ ಕೊಟ್ಟಾರ ಅಂತ ಬಗ್ಗಿ ನೋಡಿದೆ. ಆರೂ ಸಲ ಅಚ್ಚುಕಟ್ಟಾಗಿ, ಕಾಮಾ ಹಾಕಿ, ಪೂರ್ಣವಿರಾಮ ಇಟ್ಟು ಬರದಿದ್ರು: "ಐ ಆ್ಯಮ್ ಶುವರ್, ಪ್ಲೀಸ್ ಪ್ರೊಸೀಡ್."

"ಸರ, ಇಷ್ಟೆಲ್ಲಾ ಬ್ಯಾಡ್ರಿ. ವಾಯ್ ಅಂತ ಒಂದ ಅಕ್ಷರ ಸಾಕು."

"ಒಂದ ಅಕ್ಷರ?" ಮಾಸ್ತರು ಕುರ್ಚಿ ಹಿಂದಕ್ಕ ಸರಸಿದ್ರು. "ಪೂರ್ಣ ವಾಕ್ಯದಾಗ ಉತ್ತರ ಬರೀರಿ ಅಂತ ಮೂವತ್ತೈದು ವರ್ಷ ಹೇಳೀನಿ. ವಾಯ್ ಅಂತ ಬರದು ಕೊಟ್ಟವರಿಗೆಲ್ಲಾ ಅರ್ಧ ಮಾರ್ಕು ಕಡದೀನಿ. ಈಗ ನನಗ ವಾಯ್ ಬರೀ ಅಂತೀರೇನು?"

ಅರ್ಧ ತಾಸು ಒಪ್ಪಿಸಿದೆ. ಆಮ್ಯಾಲ ಆಚೀ ಈಚೀ ನೋಡಿ, ಯಾರೂ ನೋಡವಲ್ರು ಅಂತ ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿ ವಾಯ್ ಒತ್ತಿದ್ರು. ಕರೀ ಕಿಟಕಿ ಸರಸರ ತಯಾರಾತು. ಮಾಸ್ತರು ಕಿಸೆದಾಗಿನ ಕೆಂಪು ಪೆನ್ನು ಮುಟ್ಟಿ ನೋಡಿಕೊಂಡ್ರು.

"ಅಕ್ಕೋರ, ನಾ ಅರ್ಧ ಮಾರ್ಕು ಕಡದ ಹುಡುಗರೆಲ್ಲಾ ಇವತ್ತು ಕಂಪ್ಯೂಟರ್ ಕೆಲಸದಾಗ ಅದಾರ. ಯಾಕಂತ ಈಗ ತಿಳೀತು."

ಹದಿನೇಳು ಕಿಟಕಿ

ಗುಳೇದಗುಡ್ಡದ ಕಾಕಾ ನೇಕಾರರು. ಮನ್ಯಾಗ ಮಗ್ಗ, ಕುಬಸದ ಖಣ ನೇಯೋದು ಅವರ ಮನೆತನದ ಕೆಲಸ. ಖಣದ ಚಿತ್ತಾರಾನ ಪರದೆ ಮ್ಯಾಲ ಮೂಡಸೋ ಪ್ರೋಗ್ರಾಮ್ ಬರೀಬೇಕು ಅಂತ ಬಂದಿದ್ರು. ಇಡೀ ಬ್ಯಾಚಿನ್ಯಾಗ ಚುರುಕು ಕೈ ಅಂದ್ರ ಅವರದ.

ಒಂದು ದಿನ ಅವರ ಮಶೀನು ಎತ್ತು ಮಲಕೊಂಡಂಗ ಮಲಕೊಂತು, ಏಳವಲ್ದು. ನೋಡಿದ್ರ ಎಡಿಟರಿನ ಒಳಗ ಹದಿನೇಳು ಕರೀ ಕಿಟಕಿ ತಗದು ಇಟ್ಟಾರ! ದಿನಕ್ಕೊಂದು ಹೊಸಾದು ತಗೀತಾರ, ಹಳೇದು ಮುಚ್ಚೂದಿಲ್ಲ. ಮಶೀನು ಆರಿಸಿ ಹೋಗ್ರಿ ಅಂದ್ರ ಬರೇ ಪರದೆ ಆರಿಸಿ ಹೋಗ್ತಾರ.

"ಕಾಕಾ, ಕೆಲಸ ಮುಗಿದ ಮ್ಯಾಲ ಮುಚ್ಚಬೇಕ್ರಿ."

"ಅಕ್ಕೋರ, ನೀವು ಶಾಣ್ಯಾರು, ಆದ್ರ ಮಗ್ಗ ಕಂಡಿಲ್ಲ." ಕಾಕಾ ಸಮಾಧಾನದಿಂದ ಹೇಳಿದ್ರು. "ಹಾಸು ಅಂದ್ರ ಮಗ್ಗಕ್ಕ ಉದ್ದಕ ಹೂಡಿದ ನೂಲು. ಅದು ಮುಗೀತಂತ ಯಾರರೆ ಎಲ್ಲಾ ಕಡದು ಒಗೀತಾರೇನು? ಹಳೇ ಹಾಸಿನ ತುದಿ ಮಗ್ಗದಾಗ ಬಿಟ್ಟು, ಅದಕ್ಕ ಹೊಸ ಹಾಸಿನ ಎಳಿ ಒಂದೊಂದ ಕೂಡಸಬೇಕು. ಹಳೇದು ಮುಚ್ಚಿದ್ರ ಹೊಸಾದನ್ನ ಎದಕ್ಕ ಕೂಡಸ್ಲಿ?"

ಕಂಪ್ಯೂಟರಿಗೆ ಎಳಿ ಇರೂದಿಲ್ಲ ಅಂತ ಹೇಳಿ ಹೇಳಿ ಸಾಕಾತು. ಹದಿನಾರು ಮುಚ್ಚಿಸಿದೆ, ಒಂದನ್ನ ಮಾತ್ರ ಮುಚ್ಚಾಕ ಕೊಡಲಿಲ್ಲ. ಮರುದಿನ ಬಂದು ನೋಡಿದ್ರ, ಮಶೀನಿನ ಸುತ್ತ ಕೆಂಪು ರೇಷ್ಮಿ ದಾರ ಬಿಗದು, ಒಂದು ರಟ್ಟು ತೂಗಬಿಟ್ಟಾರ: "ಹಾಸು ಐತಿ, ಮುಟ್ಟಬ್ಯಾಡ್ರಿ."

"ಕಾಕಾ, ಇದೇನ್ರಿ?" ಅಂದೆ.

"ನಿಮಗಲ್ರಿ ಅಕ್ಕೋರ. ತಿಳಿದವರಿಗೆ."

ತಿಳಿದವರು

ಕಡೀ ದಿನ ಬಂತು. ಮುಂಜಾನೆ ಎಂಟಕ್ಕ ಬಾಗಲ ತಗದು ಒಂದು ಮಶೀನು ಚಾಲೂ ಮಾಡಿದೆ. ಎಡಿಟರ್ ಐತಿ, ಕರೀ ಕಿಟಕಿ ಇಲ್ಲ. ಎರಡನೇದು, ಇಲ್ಲ. ಮೂರನೇದು, ಇಲ್ಲ! ಚೇರ್ಮನ್ನರ ಕಡೆ ಓಡಿದೆ.

"ಅಯ್ಯ, ನಾನ ತಗಿಸಿದೆ ಅಕ್ಕೋರ," ಅಂದ್ರು, ದೊಡ್ಡ ಉಪಕಾರ ಮಾಡಿದವರಂಗ. "ಶುಭ ದಿನ ಅತಿಥಿಗಳು ಬರೋ ಮುಂದ ಎಲ್ಲಾ ಪರದೆ ಮ್ಯಾಲ ಕರೀ ಬಣ್ಣ ಚೆಂದ ಕಾಣೂದಿಲ್ಲ. ನಿನ್ನೆ ರಿಪೇರಿಯವಗ ಹೇಳಿ ಸ್ವಚ್ಛ ಮಾಡಿಸೇನಿ."

ಎರಡು ತಿಂಗಳ ದುಡಿತ ಸ್ವಚ್ಛ! ಸುಳ್ಳಲ್ಲ, ಕಣ್ಣಾಗ ನೀರು ಬಂತು. ಅತಿಥಿಗಳ ಗಾಡಿ ಆಗಲೇ ಗೇಟಿನ್ಯಾಗ, ಮತ್ತ ಹಾಕಾಕ ಹೊತ್ತಿಲ್ಲ. ಎರಡು ಗುಡ್ಡ, ನಡುವ ಸೂರ್ಯ ಎದ್ದಂಗ ಕಂಡಿತು.

ತಿರುಗಿ ಲ್ಯಾಬಿಗೆ ಬರೋದ್ರಾಗ ಬ್ಯಾಚಿನವರೆಲ್ಲಾ ಬಂದಿದ್ರು. ಕಾಕಾ ತಮ್ಮ ಮೂಲ್ಯಾಗಿಂದ ಕೂಗಿದ್ರು. "ಅಕ್ಕೋರ, ನಂದು ಐತ್ರಿ!"

ಐತಿ! ಕೆಂಪು ದಾರ ಬಿಗದಂಗ ಐತಿ, ರಟ್ಟು ತೂಗಾಕತ್ತೈತಿ, ಕರೀ ಕಿಟಕಿ ಒಳಗ ತಣ್ಣಗ ಕುಂತೈತಿ. ರಿಪೇರಿಯವನ್ನ ಹಿಡದು ಕೇಳಿದೆ, ಇದೊಂದ ಯಾಕ ಬಿಟ್ಟಿ ಅಂತ. ಅವ ನನ್ನನ್ನ ಹುಚ್ಚಿನ್ನ ನೋಡಿದಂಗ ನೋಡಿದ.

"ನಾನೂ ಗುಳೇದಗುಡ್ಡದಾವ್ರಿ ಅಕ್ಕೋರ. ಹಾಸು ಇದ್ದದ್ದಕ್ಕ ಕೈ ಹಚ್ಚಿ ನಮ್ಮವ್ವನ ಕೈಲೆ ಬಡತ ತಿನ್ಲೇನು?"

ಅತಿಥಿಗಳ ಸಂಗಾಟ ಚೇರ್ಮನ್ನರು ಎದಿ ಉಬ್ಬಿಸಿಕೊಂಡು ಒಳಗ ಬಂದ್ರು. ಕಿಟಕಿ ಬಾಜೂಕ ಕುಂತ ಹುನಗುಂದದ ಮಾಸ್ತರನ್ನ ಕಂಡಕೂಡಲೇ ಎದಿ ಇಳೀತು. ಮಡಿಚಿದ ಅಂಗಿ ತೋಳು ಬಿಚ್ಚಿ ಗುಂಡಿ ಹಾಕೊಂಡು, ಕೈ ಕಟ್ಟಿ ನಿಂತ್ರು.

"ನಮಸ್ಕಾರ್ರಿ ಸರ. ನೀವು... ಇಲ್ಲಿ?"

"ಎರಡು ತಿಂಗಳಿಂದ ಇದೀನಿ. ನೀ ಈ ಕ್ವಾಣಿ ಕಡೆ ಬಂದ್ರ ಗೊತ್ತಾಗತಿತ್ತು." ಮಾಸ್ತರು ನನ್ನ ಕಡೆ ತಿರುಗಿದ್ರು. "ನಮ್ಮ ವಿದ್ಯಾರ್ಥಿ. ಭಾಳ ಸಲ ಅರ್ಧ ಮಾರ್ಕು ಕಡದೀನಿ ಇವಂದು."

ಕಾಕಾ ಅಪ್ಪಣಿ ಹೊಡದು ಎಂಟರ್ ಒತ್ತಿದ್ರು. ಚುಕ್ಕಿಗಳದು ಒಂದು ಸಾಲು ಮೂಡಿತು. ನಿಂತಿತು. ನಾವೆಲ್ಲಾ ಕಾದ್ವಿ. ಒಂದು ನಿಮಿಷ ಆದ ಮ್ಯಾಲ ಇನ್ನೊಂದು ಸಾಲು.

"ಕೆಟ್ಟು ನಿಂತೈತೇನ್ರಿ?" ಒಬ್ಬ ಅತಿಥಿ ಕೇಳಿದ್ರು.

"ಇಲ್ರಿ, ನೇಯಾಕತ್ತೈತಿ," ಅಂದ್ರು ಕಾಕಾ. "ಮೊದಲ ಭಡಾಭಡ ಬರತಿತ್ರಿ. ಅಷ್ಟು ಲಗೂ ಬಂದ ಬಟ್ಟಿ ಯಾರು ನಂಬತಾರ? ಅದಕ್ಕ ಸಾಲಿಗೆ ಒಂದು ನಿಮಿಷ ತಡೀ ಅಂತ ನಿನ್ನೆ ನಾನ ಬರದೇನಿ."

"ಎಷ್ಟು ಸಾಲು ಕಾಕಾ?" ನಾ ಕೇಳಿದೆ.

"ಭಾಳ ಇಲ್ರಿ. ಅರವತ್ತು."

ಚೇರ್ಮನ್ನರು ಗಡಿಯಾರ ನೋಡಿ, ಕಿಟಕಿ ಮುಚ್ಚಿ ಬಿಡೋಣು ಅಂತ ಮೌಸಿಗೆ ಕೈ ಹಾಕಿದ್ರು. ಹನ್ನೆರಡೂ ಮಂದಿ ಒಂದ ಸಲಕ್ಕ ಒದರಿದ್ರು: "ಮುಟ್ಟಬ್ಯಾಡ್ರಿ!" ಮಾಸ್ತರು ಸಣ್ಣ ಧ್ವನಿಲೆ, "ಕುಂಡ್ರು" ಅಂದ್ರು. ಚೇರ್ಮನ್ನರು ಕುಂತ್ರು.

ಹದಿನೈದನೇ ಸಾಲಿಗೆ ಅತಿಥಿಗಳು ಆನಿ ಅಂದ್ರು. ಮೂವತ್ತಕ್ಕ, ಅಲ್ಲ, ಕಮಲ ಅಂದ್ರು. ನಲವತ್ತಕ್ಕ ಅವರವರಾಗ ಜಗಳ ಹತ್ತಿತು. ಬಾದಾಮಿಗೆ ಹೋಗಬೇಕಾದವರೊಬ್ಬರು ಬಸ್ಸು ಬಿಟ್ಟು, ಇದು ಏನಂತ ನೋಡೇ ಹೋಗ್ತೇನಿ ಅಂತ ಕುಂತುಬಿಟ್ರು. ಅರವತ್ತನೇ ಸಾಲು ಮೂಡಿತು. ಎದುರಾಬದುರಾ ನಿಂತ ಎರಡು ನವಿಲು! ಇಳಕಲ್ಲ ಅಕ್ಕಾರು ಕುರ್ಚಿ ಕೆಡವಿ ಎದ್ದು, "ಕಾಕಾ, ಈ ಚಿತ್ತಾರದ ಖಣ ನಮ್ಮ ಅಂಗಡಿ ಬಿಟ್ಟು ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ" ಅಂತ ಅಲ್ಲೇ ಮಾತು ತಗೊಂಡ್ರು.

"ಸರ್, ಒಬ್ಬರದರೆ ಓಡಿದ್ರ ಅಂದಿದ್ರಿ," ಅಂದೆ ನಾನು.

"ಇದಕ್ಕ ಓಡೋದು ಅಂತಾರೇನ್ರಿ? ತೆವಳೇತಿ." ಚೇರ್ಮನ್ನರು ನವಿಲಿನ ಮ್ಯಾಲಿಂದ ಕಣ್ಣು ತಗೀಲಿಲ್ಲ. "ಇರ್ಲಿ, ಬ್ಯಾಚ್ ನಡೀಲಿ. ಮತ್ತ... ಅದರ ಫಾರ್ಮು ಒಂದು ನನಗೂ ಕೊಡ್ರಿ. ನನಗೂ ನಲವತ್ತು ದಾಟೇತಿ."

ಹೊಸ ವಿದ್ಯಾರ್ಥಿ

ಎರಡನೇ ಬ್ಯಾಚಿನ ಮೊದಲನೇ ದಿನ. ಖಾಲಿ ಇದ್ದದ್ದು ಒಂದ ಕುರ್ಚಿ, ಅದೂ ಮಾಸ್ತರ ಬಾಜೂಕ. ಮಾಸ್ತರು ಇನ್ನೊಮ್ಮೆ ಕಲೀತೇನಿ ಅಂತ ಮತ್ತ ಸೇರಿದ್ರು. ಚೇರ್ಮನ್ನರು ಬೆಂಚಿನ ತುದಿಗೆ ಕುಂತಂಗ ಕುರ್ಚಿ ತುದಿಗೆ ಕುಂತ್ರು. ತಾವ ತಗಿಸಿ ಒಗದ ಕರೀ ಕಿಟಕಿನ್ನ ಈಗ ತಾವ ಹಾಕಬೇಕು. ನಾನು ಹಿಂದ ನಿಂತು, ಖರೆ ಹೇಳ್ತೇನಿ, ಒಳಗೊಳಗ ನಗಾಕತ್ತಿದ್ದೆ.

ಪಾಸ್ವರ್ಡ್ ದಾಟಿತು. ಮಶೀನು ಕೇಳಿತು: ಮುಂದುವರಿಸಲೋ? ವಾಯ್ ಅಥವಾ ಎನ್.

"ವಾಯ್ ಒತ್ತಿ ಎಂಟರ್ ಹೊಡೀರಿ ಸರ್, ಅಷ್ಟ," ಅಂದೆ.

ಚೇರ್ಮನ್ನರ ಬೆರಳು ವಾಯ್ ಕಡೆ ಹೋತು. ಬಾಜೂಕ ಮಾಸ್ತರು ಕೆಮ್ಮಿದ್ರು, ಬರೇ ಕೆಮ್ಮಿದ್ರು. ಬೆರಳು ಅಲ್ಲೇ ನಿಂತಿತು. ಚೇರ್ಮನ್ನರು ಓರೆಗಣ್ಣಿಲೆ ಅವರ ಕಿಸೆದಾಗಿನ ಕೆಂಪು ಪೆನ್ನು ನೋಡಿದ್ರು. ಹಣಿ ಬೆವರು ಒರಸಿಕೊಂಡ್ರು. ಆಮ್ಯಾಲ ಒಂದೊಂದ ಅಕ್ಷರ ಹುಡುಕಿ ಹುಡುಕಿ, ಕಾಮಾ ಹಾಕಿ, ಪೂರ್ಣವಿರಾಮ ಇಟ್ಟು ಬರದ್ರು: "ಐ ಆ್ಯಮ್ ಶುವರ್, ಪ್ಲೀಸ್ ಪ್ರೊಸೀಡ್."

ಎಂಟರ್ ಒತ್ತಿದ್ರು. ಮಶೀನು ರದ್ದು ಅಂತು.

ಮಾಸ್ತರು ಚೇರ್ಮನ್ನರ ಬೆನ್ನು ಚಪ್ಪರಿಸಿದ್ರು. "ಭೇಷ್! ಇವತ್ತು ಪೂರ್ತಿ ಮಾರ್ಕು."