ಗಂಗಿಯ ಕೋಳಿಯೂ ಅಂತಾರಾಷ್ಟ್ರೀಯ ಮಾನದಂಡವೂ

ಭಟ್ಕಳ ಬಂದರಿನ ತಿಮ್ಮನಿಗೆ ಅಂದು ಬೆಳಿಗ್ಗೆ ತುರ್ತಾಗಿ ಬೇಕಾಗಿದ್ದ ವಸ್ತು ಅವನದೇ ಮನೆಯ ಕೋಳಿಗೂಡಿಗೆ ಬಾಗಿಲಾಗಿತ್ತು.

ಸಂಗತಿ ಇಷ್ಟೇ. ಕಡಲಾಮೆಗಳ ಮೇಲೆ ಪ್ರೀತಿ ಉಕ್ಕಿದ ಪರದೇಶದ ಸಂಸ್ಥೆಯೊಂದು, ‘ಬಲೆಯಲ್ಲಿ ಆಮೆ ಪಾರಾಗುವ ಕಿಂಡಿ ಇಲ್ಲದಿದ್ದರೆ ನಿಮ್ಮ ಸಿಗಡಿ ನಮಗೆ ಬೇಡ’ ಎಂದಿತು. ದಿಲ್ಲಿ ಹೂಂ ಎಂದಿತು. ದಿಲ್ಲಿ ಹೂಂ ಎಂದ ಮೇಲೆ ಬೆಂಗಳೂರು ಊಹೂಂ ಅನ್ನುವುದುಂಟೆ? ಬೋಟಿಗೊಂದರಂತೆ ಉಕ್ಕಿನ ಸರಳಿನ ಚೌಕಟ್ಟು ಪುಕ್ಕಟೆ ಬಂತು. ಸಿಗಡಿ ಸರಳು ದಾಟಿ ಬಲೆಗೆ ಬೀಳಬೇಕು, ಆಮೆ ಸರಳಿಗೆ ಹಣೆ ಬಡಿದುಕೊಂಡು ಮೇಲಿನ ಕಿಂಡಿಯಿಂದ ಹೊರಬೀಳಬೇಕು. ಆದರೆ ಆಮೆಯ ಬೆನ್ನಿಗೇ ಒಳ್ಳೊಳ್ಳೆಯ ಮೀನೂ ಜಾರಿಹೋಗುತ್ತದೆಂದು ಬಂದರಿನವರು ಚೌಕಟ್ಟು ಬಿಚ್ಚಿ ಮನೆಗೊಯ್ದರು. ಒಬ್ಬರಲ್ಲಿ ಅದಕ್ಕೆ ಮಲ್ಲಿಗೆ ಬಳ್ಳಿ ಹಬ್ಬಿತು. ಇನ್ನೊಬ್ಬರ ಬಾವಿಗೆ ಅದೇ ಮುಚ್ಚಳವಾಯಿತು.

ಈಗ ಆ ಸಂಸ್ಥೆಯ ಮೇಡಮ್ಮು ಹೊನ್ನಾವರ ಮುಗಿಸಿ ಇತ್ತಲೇ ಹೊರಟಿದ್ದಾಳಂತೆ. ಚೌಕಟ್ಟು ಕಾಣದಿದ್ದರೆ ಬೋಟಿನ ಪರವಾನಗಿ ರದ್ದು. ತಿಮ್ಮನಿಗೆ ಬೋಟು ಬಿಟ್ಟರೆ ಬೇರೆ ಗತಿಯಿರಲಿಲ್ಲ.

“ಬಾಗ್ಲು ಬಿಚ್ಚಿದ್ರೆ ನನ್ ಕೋಳಿ ಎಂತ ಮಾಡ್ಬೇಕು?” ಹೆಂಡತಿ ಗಂಗಿ ಗೂಡಿಗೆ ಅಡ್ಡ ನಿಂತಳು.

“ಹಂಗಲ್ಲ ಮಾರಾಯ, ಅಡಿಯಿಂದ ಎತ್ತು!” ಎಂದು ಪಕ್ಕದ ಮನೆಯ ಬೀರಪ್ಪ ಕರೆಯದೇ ಬಂದು ಕೈ ಹಾಕಿದ. ಕರೆದರೆ ಬರುವ ಜಾತಿಯಲ್ಲ ಅದು. ಅವನು ಎತ್ತಿದ ರಭಸಕ್ಕೆ ಬಾಗಿಲಿನ ಜೊತೆ ಗೂಡೂ ಮಗುಚಿತು. ಕೋಳಿಗಳು ದಿಕ್ಕಾಪಾಲಾದವು. ಒಂದಂತೂ ಬೀರಪ್ಪನ ತಲೆಯ ಮೇಲೆಯೇ ಸ್ವಲ್ಪ ಹೊತ್ತು ವಿಶ್ರಾಂತಿ ಪಡೆಯಿತು. ಗಂಗಿಯ ಬೈಗುಳ ಬೆನ್ನಿಗೆ ಬೀಳುತ್ತಿದ್ದಂತೆ ಇಬ್ಬರೂ ಚೌಕಟ್ಟನ್ನು ರಿಕ್ಷಾಕ್ಕೆ ತುರುಕಿ, ಬಂದರಿಗೆ ಓಡಿ, ಬಲೆಗೆ ಕಟ್ಟಿದರು. ತೊಳೆಯಲು ಪುರುಸೊತ್ತು ಎಲ್ಲಿತ್ತು?

ಕುಮಟಾದಿಂದ ಬಂದ ಮೀನುಗಾರಿಕೆ ಅಧಿಕಾರಿ ಮಧುಸೂದನ, ಮೇಡಮ್ಮನನ್ನು ನೇರ ತಿಮ್ಮನ ಬೋಟಿಗೇ ಹತ್ತಿಸಿದರು. ಆಕೆ ಬಗ್ಗಿ ನೋಡಿ, ಸರಳಿಗೆ ಅಂಟಿದ್ದ ಗರಿಗಳತ್ತ ಬೆರಳು ಮಾಡಿದಳು.

“ಎಂತದಾ ಇದು?” ಮಧುಸೂದನ ಹಲ್ಲು ಕಚ್ಚಿ ಕೇಳಿದರು. ಗುಟ್ಟು ರಟ್ಟಾದರೆ ಮೊದಲು ಹೋಗುವುದು ಅವರದೇ ಕುರ್ಚಿ.

“ಗರಿ, ಸರ್.”

“ಅದು ಕಂಡ್ತು. ಯಾಕೆ?”

ತಿಮ್ಮ ಗರಿ ಕೀಳಲು ಬಗ್ಗಿದ. ಬೀರಪ್ಪ ಬೋಟು ಕಟ್ಟುವ ದಕ್ಕೆಯ ಮೇಲಿನಿಂದಲೇ ಕೂಗಿದ: “ಆಮೆ ಹೆದರ್ಲಿ ಅಂತ ಸರ್! ಗರಿ ಅಲ್ಲಾಡಿದ್ರೆ ಹದ್ದು ಬಂತು ಅಂತ ತಿಳ್ಕಂಡು ಬಲೆ ಹತ್ರನೂ ಸುಳಿಯೂದಿಲ್ಲ!”

ಮಧುಸೂದನ ಅದಕ್ಕೆ ‘ತಲೆತಲಾಂತರದ ಕರಾವಳಿ ಜ್ಞಾನ’ ಎಂದು ಬಣ್ಣ ಹಚ್ಚಿ ಇಂಗ್ಲಿಷಿನಲ್ಲಿ ಬಡಿಸಿದರು. ಮೇಡಮ್ಮನ ಕಣ್ಣು ತುಂಬಿಬಂತು. ತಿಮ್ಮನ ಎರಡೂ ಕೈ ಹಿಡಿದು ಕುಲುಕಿದಳು. ಪರವಾನಗಿ ಉಳಿಯಿತು. ತಿಮ್ಮ ಕತ್ತಲಾಗುವವರೆಗೂ ಊರವರ ಮನೆಮಾಡು ಹತ್ತಿ ಕೋಳಿ ಹಿಡಿದ.

ಮಳೆಗಾಲ ಮುಗಿದು ಕಡಲಿಗಿಳಿಯುವ ದಿನ ಮಧುಸೂದನ ಬಂದು ಬೋಟು ತಡೆದರು. “ಹೊಸ ಆದೇಶ ಬಂದಿದೆ. ಚೌಕಟ್ಟಿಗೆ ಗರಿ ಕಟ್ಟದ ಬೋಟು ಹೊರಡೂ ಹಾಂಗಿಲ್ಲ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ! ಸಂಸ್ಥೆ ಠರಾವು ಮಾಡಿತ್ತು, ದಿಲ್ಲಿ ಹೂಂ ಎಂದಿತ್ತು. ತಿಮ್ಮನಿಗೆ ನಗು ತಡೆಯಲಾಗಲಿಲ್ಲ. ಮನೆಗೆ ಓಡಿ, ಗಂಗಿ ಬೇಡ ಬೇಡವೆಂದರೂ ಅವಳ ಮುದ್ದಿನ ಹೇಂಟೆಕೋಳಿಯ ಗರಿ ಕಿತ್ತು ತಂದು ಕಟ್ಟಿದ.

ಮಧುಸೂದನ ಗರಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ತಲೆಯಾಡಿಸಿದರು. “ಇದು ಆಗೂದಿಲ್ಲ ತಿಮ್ಮ. ಊರ ಕೋಳಿದು. ಸಂಸ್ಥೆ ಮುದ್ರೆ ಇದ್ದ ಗರಿ ಅವರ ದೇಶದಿಂದ್ಲೇ ಬರ್ಬೇಕು. ಅಲ್ಲೀವರೆಗೆ ಬೋಟು ದಡದಲ್ಲೇ ಇರ್ಲಿ.”

“ಸರ್, ಈ ಗರಿ ಕತೆ ಹುಟ್ಟಿದ್ದೇ ನಮ್ಮನೆ ಕೋಳಿಯಿಂದ!”

“ಹೌದು ಮಾರಾಯ, ನಂಗೆ ಗೊತ್ತಿಲ್ವಾ? ಆದ್ರೆ ನಿನ್ ಕೋಳಿಗೆ ಸರ್ಟಿಫಿಕೇಟ್ ಇದ್ಯಾ?”

ತಿಮ್ಮ ಬೋಟು ಕಟ್ಟಿ ಮನೆಯತ್ತ ಕಾಲೆಳೆದ. ಬೋಳು ಹೇಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಗಂಗಿ ಅಂಗಳದಲ್ಲೇ ಕಾಯುತ್ತಿದ್ದಳು.