ಸಾಫ್ಟ್‌ವೇರಿಗೂ ಒಂದು ಆಯ

ಎದುರಿನವರು ಹೌದು ಎನ್ನುವವರೆಗೆ ನನ್ನ ಅಭಿಪ್ರಾಯ ನನಗೇ ಗೊತ್ತಿರುವುದಿಲ್ಲ. ಅವರು ಹೌದು ಎಂದರೋ, ಅಲ್ಲ ಎನ್ನಲು ಕಾರಣಗಳು ತಾವಾಗಿ ಸಾಲುಗಟ್ಟುತ್ತವೆ. ಇದು ಕಾಲೇಜಿನ ಚರ್ಚಾಸ್ಪರ್ಧೆಗಳ ಪ್ರಸಾದ. ಅಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಮನೆಯಲ್ಲಿ ಚೀಟಿಯ ವ್ಯವಸ್ಥೆ ಇಲ್ಲದ್ದರಿಂದ ನಾನು ಯಾವಾಗಲೂ ವಿರೋಧ.

ಕಮರಿಪೇಟೆಯಲ್ಲಿ ನಮ್ಮ ಕಾಕಾ ಅವರದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಸೀಸದ ಅಚ್ಚುಮೊಳೆಗಳನ್ನು ಅಟ್ಟಕ್ಕೇರಿಸಿ ಕಂಪ್ಯೂಟರ್ ತಂದ ಹೊಸತು. ಕನ್ನಡ ಅಕ್ಷರದ ಸಾಫ್ಟ್‌ವೇರ್ ಮಾರುವವನೊಬ್ಬ ಬಂದು ಎರಡು ದಾರಿ ಹೇಳಿದ. ವರ್ಷಾವರ್ಷಾ ಇಷ್ಟು ಅಂತ ಕಟ್ಟುತ್ತ ಹೋದರೆ, ಹೊಸ ಆವೃತ್ತಿ ಬಂದಾಗಲೆಲ್ಲ ತಾನೇ ಬಂದು ಹಾಕಿಕೊಡುತ್ತಾನೆ. ಇಲ್ಲವೇ ಒಮ್ಮೆಗೇ ಕೊಂಡುಬಿಡುವುದು; ದೊಡ್ಡ ಬದಲಾವಣೆಯಾದಾಗ ಮತ್ತೆ ದುಡ್ಡು ಕೊಟ್ಟು ಹೊಸದನ್ನು ತರುವುದು. ಕಾಕಾ ಶಿರಗುಪ್ಪಿಯಲ್ಲಿ ಬೆಳೆದವರು. ಅಲ್ಲಿ ಬಡಿಗೇರನಿಗೆ ಕೆಲಸಕ್ಕಿಷ್ಟು ಅಂತ ಕೊಡುತ್ತಿರಲಿಲ್ಲ; ಸುಗ್ಗಿಯಲ್ಲಿ ಜೋಳ ಅಳೆದುಕೊಟ್ಟರೆ ವರ್ಷವಿಡೀ ಬಿತ್ತುವ ಕೂರಿಗೆ, ಹರಗುವ ಕುಂಟೆಗಳ ದುರಸ್ತಿ ಅವನದೇ. ಅದಕ್ಕೆ ಆಯ ಎನ್ನುತ್ತಾರೆ.

"ಅಂದ್ರ ಇದೂ ಆಯಾನ ಆತಲ್ರಿ. ಛಲೋ ಆತು," ಎಂದರು ಕಾಕಾ.

ನಾನು ಎದ್ದು ನಿಂತೆ. ಕುಳಿತು ವಾದಿಸುವ ಅಭ್ಯಾಸ ನನಗಿಲ್ಲ.

"ಕಾಕಾ, ಆಯಾ ನಿಲ್ಲಿಸಿದ್ರ ಬಡಿಗೇರ ಬರೂದು ಬಿಡ್ತಾನ, ಖರೇ. ಆದ್ರ ದುರಸ್ತಿ ಮಾಡಿದ ಕೂರಿಗಿ ಹೊತಗೊಂಡು ಹೋಗ್ತಾನೇನು? ರೊಕ್ಕಾ ಕಟ್ಟೂದು ನಿಂತ ದಿನಾ ಇವರ ಸಾಫ್ಟ್‌ವೇರ್ ತಾನ ಬಂದ್ ಆಗತೇತಿ."

ಮಾರುವವನು ಚಹಾ ಅರ್ಧಕ್ಕೇ ಬಿಟ್ಟ. ಕಾಕಾ ಒಮ್ಮೆಗೇ ಕೊಂಡರು.

ಮರುವರ್ಷ ಲಗ್ನದ ದಿನಗಳಲ್ಲಿ, ತಾರಿಹಾಳದಲ್ಲಿ ಕಾರ್ಖಾನೆ ಇಟ್ಟಿದ್ದ ನಮ್ಮ ಹಳೆಯ ಗಿರಾಕಿಯೊಬ್ಬರು ಮಗಳ ಪತ್ರಿಕೆಯನ್ನು ಸಿ.ಡಿ.ಯಲ್ಲಿ ತಂದರು. ಬೀಗರು ಹೊಸ ಆವೃತ್ತಿಯಲ್ಲಿ ಟೈಪು ಮಾಡಿಸಿದ್ದು. ನಮ್ಮ ಹಳೆಯದರಲ್ಲಿ ತೆರೆದರೆ ಒತ್ತಕ್ಷರಗಳೆಲ್ಲ ಕಳಚಿಬಿದ್ದು, ಹಿರಿಯರ ಹೆಸರುಗಳಿರಬೇಕಾದಲ್ಲಿ ಬರೀ ಡಬ್ಬಿಗಳು. ಹೆಸರುಗಳನ್ನು ನೀವು ಹೇಳಿ, ನಾವು ಹೊಸದಾಗಿ ಜೋಡಿಸುತ್ತೇವೆ ಎಂದೆ.

"ಯಾರ ಹೆಸರು ಮ್ಯಾಲ, ಯಾರದು ಕೆಳಗ ಅನ್ನೂದಕ್ಕ ಜಗಳಾಗಿ ಈಗರ ತಣ್ಣಗಾಗೇತ್ರಿ. ಮತ್ತ ಬೀಗರನ್ನ ಕೇಳಾಕ ನಾ ಒಲ್ಲೆ," ಎಂದವರೇ ಸಿ.ಡಿ. ಎತ್ತಿಕೊಂಡು ಪಕ್ಕದ ಪ್ರೆಸ್ಸಿಗೆ ನಡೆದರು. ಆ ಪ್ರೆಸ್ಸಿನವರು ವರ್ಷಾವರ್ಷಾ ಕಟ್ಟುವವರು. ಈ ಗಿರಾಕಿಯ ಹಿರಿಮಗಳ ಪತ್ರಿಕೆ ನಮ್ಮಲ್ಲೇ ಆಗಿತ್ತು. ಮದುವೆಗೆ ಇನ್ನೂ ಒಬ್ಬ ಮಗಳಿದ್ದಳು.

ಇದೆಲ್ಲ ನಿನ್ನಿಂದಲೇ ಎಂದು ಕಾಕಾ ಅಂದಿದ್ದರೆ ನನ್ನ ಬಳಿ ಉತ್ತರವಿತ್ತು.

ಕೆಲವು ದಿನಗಳ ಮೇಲೆ ಮಾರುವವನು ಮತ್ತೆ ಬಂದ. ಈ ಆಯದ ಉಸಾಬರಿ ನಮಗೆ ಬೇಡವೇ ಬೇಡ ಎಂದು ಕಾಕಾ ಗಟ್ಟಿಯಾಗಿ ಹೇಳಿದರು. ನಾನು ಎದ್ದು ನಿಂತೆ. ಆಯ ಪಡೆದ ಬಡಿಗೇರ ಬಿತ್ತಿಗೆಗೆ ಮೊದಲು ಕರೆಯದೆಯೇ ಬರುತ್ತಾನೆ. ಹೊಲಕ್ಕಿಳಿದ ಮೇಲೆ ಕೂರಿಗೆ ಮುರಿದರೆ ನೆಲದ ಹದ ನಮಗಾಗಿ ಕಾಯುತ್ತದೆಯೇ ಎಂದೆಲ್ಲ ಚಹಾ ಆರುವತನಕ ಮಾತಾಡಿದೆ.

"ನೀ ಇಷ್ಟ ಹೇಳಾಕತ್ತಿ ಅಂದ್ರ ಆಗ್ಲಿ ಬಿಡು, ತಮ್ಮಾ," ಎಂದು ಕಾಕಾ ಸೋತವರಂತೆ ಸಹಿ ಹಾಕಿದರು.

ಮಾರುವವನನ್ನು ಬಾಗಿಲತನಕ ಕಳಿಸಲು ಹೋದೆ. ಅವನು ಚಪ್ಪಲಿ ಮೆಟ್ಟುತ್ತ ಹೇಳಿದ: "ನಿಮ್ಮ ಕಾಕಾ ವರ್ಷಾವರ್ಷಾ ಕಟ್ಟಾಕ ನಿನ್ನೇನ ಫೋನಿನ್ಯಾಗ ಹೂಂ ಅಂದಿದ್ರು. ಆದ್ರೂ ನಿಮ್ಮ ಭಾಷಣಾ ಛಲೋ ಇತ್ರಿ."

ಭಾಷಣ ಚೆನ್ನಾಗಿತ್ತು ಎಂಬ ಆ ಮಾತಿಗೆ ಮಾತ್ರ, ಅಲ್ಲ ಎನ್ನಲು ನನಗೆ ಒಂದು ಕಾರಣವೂ ಹೊಳೆಯಲಿಲ್ಲ.