ಒಂದು ಸ್ವಿಚ್ಚು, ಎರಡು ಬಲ್ಬು

"ಬನವಾಸಿಯೊಳಗ ಯಾರ ಮನಿ ಫೇಲಾದ್ರೂ ನನ್ನ ಮನಿ ಫೇಲಾಗೂದಿಲ್ಲ!" ಎಂದು ಕಿರಾಣಿ ಅಂಗಡಿಯ ಮಡಿವಾಳಪ್ಪನವರು ಗಾದಿಯ ಮೇಲೆ ಕೂತು ಘೋಷಿಸಿದರು.

ಸೇರು ಹೋಗಿ ಕಿಲೋ ಬಂದು ಗಿರಾಕಿಗಳು ದಿನಾ ತಕರಾರು ತೆಗೆಯುತ್ತಿದ್ದ ಕಾಲ. ಬೀದಿಗೆ ಕರೆಂಟಿನ ಕಂಬ ಬಂದಿತ್ತು. ಅಂಗಡಿಯ ಹಿಂದಿನ ಹಳೇ ಅಡುಗೆಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಿ, ವೈರಿಂಗೂ ಮಾಡಿಸಿ ಆಗಿತ್ತು. ಇನ್ನು ಇನ್‌ಸ್ಪೆಕ್ಟರು ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಟ್ಟರೆ ಕರೆಂಟು. ಕೊಡದಿದ್ದರೆ ಹೆಂಡತಿ ನೀಲಗಂಗವ್ವನಿಗೆ ಮತ್ತೆ ಅದೇ ಚಿಮಣಿ ದೀಪ, ಅದೇ ಮಸಿ. ಈ ಸಲ ಪಂಚಮಿಯ ಉಂಡೆ ಕಟ್ಟುವುದು ಬಲ್ಬಿನ ಬೆಳಕಿನಲ್ಲೇ ಎಂದು ಆಕೆ ತವರಿಗೆಲ್ಲ ಹೇಳಿ ಕಳಿಸಿಬಿಟ್ಟಿದ್ದಳು.

ವೈರಿಂಗಿನ ಯೋಜನೆ ಮಡಿವಾಳಪ್ಪನವರ ಸ್ವಂತ ತಲೆಯದು. ಅಡುಗೆಮನೆಗೊಂದು ಬಲ್ಬು, ಅಂಗಡಿಗೊಂದು ಬಲ್ಬು, ಎರಡಕ್ಕೂ ಸೇರಿ ಒಂದೇ ಸ್ವಿಚ್ಚು. ಅದೂ ಗಾದಿಯ ಪಕ್ಕ, ಅವರ ಬಲಗೈಗೆ! ಗಿರಾಕಿಗಳ ಎದುರು ಒಂದು ಬೆರಳು ಆಡಿಸಿದರೆ ಇಡೀ ಸಾಮ್ರಾಜ್ಯವೇ ಬೆಳಗಬೇಕು.

"ಅಡಗಿ ಮಾಡಾಕಿ ನಾನು. ಸ್ವಿಚ್ಚು ನಿಮ್ಮ ಕಡೆ ಯಾಕ್ರಿ?"

"ನೀ ಒಂದು ಕೂಗು ಹಾಕು. ನಾ ಇಲ್ಲೇ ಇರ್ತೀನಲ್ಲ!"

ನೀಲಗಂಗವ್ವ ಅವರ ಮುಖವನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದಳು.

ಇನ್‌ಸ್ಪೆಕ್ಟರು ಬಂದರು. ವೈರಿಗೆ ಪೆಟ್ಟಿಗೆಯೊಂದನ್ನು ಜೋಡಿಸಿ ಅದರ ಹಿಡಿಕೆ ಗರಗರ ತಿರುಗಿಸಿದರು. "ವೈರು ಚಲೋ ಅದ." ಮಡಿವಾಳಪ್ಪನವರ ಎದೆ ಅಂಗಿ ಹರಿಯುವಷ್ಟು ಉಬ್ಬಿತು.

"ಅಡಗಿಮನಿ ಸ್ವಿಚ್ಚು ಅಂಗಡ್ಯಾಗ? ಒಳಗ ಕಿಡಿ ಹಾರಿದ್ರ ಅಮ್ಮಾರು ಏನ್ ಮಾಡ್ಬೇಕು?"

"ಕೂಗ್ತಾಳ್ರಿ, ಸಾಹೇಬ್ರ. ಕೂಗಿದ ಕೂಡ್ಲೆ ನಾ ಆರಸ್ತೀನಿ!"

"ಹಂಗಾರ ಅದನ್ನೂ ಪರೀಕ್ಷಾ ಮಾಡೂಣು" ಎಂದು ಇನ್‌ಸ್ಪೆಕ್ಟರು ಒಳಗೆ ನಡೆದರು. "ಕೂಗ್ರಿ, ಅಮ್ಮಾರ."

ಅದೇ ಹೊತ್ತಿಗೆ ಬೆಲ್ಲಕ್ಕೆ ಬಂದ ದ್ಯಾಮಪ್ಪ, "ಸಾವ್ಕಾರ್ರ, ಕಿಲೋ ಅಂದ್ರ ಸೇರಿಗಿಂತ ಹೆಚ್ಚೋ, ಕಮ್ಮಿಯೋ?" ಎಂದು ಕೇಳಿಬಿಡಬೇಕೆ! ಪ್ರವಚನ ಶುರುವಾಯಿತು. ನೀಲಗಂಗವ್ವ ಕೂಗಿದಳು. ಮತ್ತೆ ಕೂಗಿದಳು. ಇನ್‌ಸ್ಪೆಕ್ಟರೂ ದನಿಗೂಡಿಸಿದರು. ಪಕ್ಕದ ಮನೆಯವರು ಗಾಬರಿಯಾಗಿ ಓಡಿ ಬಂದರು. ಯಜಮಾನರು ಮಾತ್ರ ತಕ್ಕಡಿ ಹಿಡಿದು ದ್ಯಾಮಪ್ಪನಿಗೆ ಕಿಲೋ ತಿಳಿಸುತ್ತಲೇ ಇದ್ದರು.

ಇನ್‌ಸ್ಪೆಕ್ಟರು ಹೊರಬಂದು ಅವರ ಭುಜ ತಟ್ಟಿದರು. "ವೈರು ಪಾಸು. ಯಜಮಾನ್ರು ಫೇಲು!"

"ಇವತ್ತೊಂದಿನ ಕೇಳಿಸ್ಲಿಲ್ರಿ, ಸಾಹೇಬ್ರ..."

"ಇವತ್ತೊಂದಿನ ಏನ್ರಿ?" ಬಾಗಿಲಲ್ಲಿ ನೀಲಗಂಗವ್ವ. "ಮದುವ್ಯಾದಾಗಿಂದ ಊಟಕ್ಕ ಕೂಗಾಕತ್ತೀನಿ. ಒಂದಿನಾರ ಬಿಸಿ ರೊಟ್ಟಿ ತಿಂದೀರೇನು?"

ಸ್ವಿಚ್ಚಿಗೆ ಅಡುಗೆಮನೆಗೆ ವರ್ಗವಾಯಿತು, ಸರ್ಟಿಫಿಕೇಟು ಕೈಗೆ ಬಂತು. ಪಂಚಮಿಗೆ ನೀಲಗಂಗವ್ವ ಬಲ್ಬಿನ ಬೆಳಕಿನಲ್ಲೇ ಉಂಡೆ ಕಟ್ಟಿದಳು. ಆಕೆಯ ಖುಷಿ ಹೇಳತೀರದು! ಆದರೆ ಹಬ್ಬದ ಅವಸರದಲ್ಲಿ ಸ್ವಿಚ್ಚಿನ ಜಾಗ ಬದಲಾಯಿತೇ ಹೊರತು, ಎರಡು ಬಲ್ಬಿಗೂ ಅದೊಂದೇ ಸ್ವಿಚ್ಚು ಎಂಬುದು ಬದಲಾಗಲಿಲ್ಲ.

ಈಗ ಆಕೆ ಕೂಗುವುದಿಲ್ಲ. ಸಂಜೆ ರೊಟ್ಟಿ ಬೆಂದಿತೋ, ಅಂಗಡಿ ಒಮ್ಮೆ ಕತ್ತಲಾಗಿ ಮತ್ತೆ ಬೆಳಗುತ್ತದೆ. ದ್ಯಾಮಪ್ಪನೇ ಅವರ ಕೈಯಿಂದ ತಕ್ಕಡಿ ಇಸಿದುಕೊಳ್ಳುತ್ತಾನೆ.

"ಏಳ್ರಿ ಸಾವ್ಕಾರ್ರ, ಅಕ್ಕಾರು ಕರ್ಯಾಕತ್ತಾರ."

ಚಕ್ರವರ್ತಿಗಳು ತೆಪ್ಪಗೆ ಎದ್ದು ಒಳಗೆ ಹೋಗುತ್ತಾರೆ. ಒಂದು ದಿನ ಬಡಿಸುತ್ತಾ ನೀಲಗಂಗವ್ವ ಕೇಳಿದಳು: "ಸ್ವಿಚ್ಚು ಮತ್ತ ಅಂಗಡಿಗೇ ಹಾಕಸೂಣೇನ್ರಿ?"

"ಸುಮ್ನಿರು" ಎಂದರು ಮಡಿವಾಳಪ್ಪನವರು. "ಇನ್ನೊಂದು ಬಿಸಿ ರೊಟ್ಟಿ ಹಾಕು."